ಹುಲ್ಲುಗಾವಲಿನಲ್ಲಿ ಆರು ಮನೆ ಶ್ರುತಿ

ನಾನು ನಿಂತಿದ್ದದ್ದು ಕೊಟ್ಟಿಗೆಯ ಮೂಡಣ ಗೋಡೆಗೆ ಬೆನ್ನು ಕೊಟ್ಟು, ನೀರಿನ ನಲ್ಲಿಯ ಪಕ್ಕದಲ್ಲಿ. ಸಾವಿರದ ಒಂಬೈನೂರ ತೊಂಬತ್ತೇಳನೇ ಇಸವಿಯ ಮೇ ತಿಂಗಳು, ಶನಿವಾರ, ಸಂಜೆ ಏಳು ಗಂಟೆಯ ಸುಮಾರು. ಅಮೆರಿಕದ ಆ ಭಾಗದಲ್ಲಿ ಮೇ ತಿಂಗಳ ಏಳು ಗಂಟೆಗೆ ಚೆನ್ನಾಗಿ ಬೆಳಕಿರುತ್ತದೆ. ಸೂರ್ಯ ನನ್ನ ಬೆನ್ನ ಹಿಂದೆ, ಕೊಟ್ಟಿಗೆಯ ಆಚೆ ಇದ್ದ. ಆದ್ದರಿಂದ ಕಣ್ಣು ಕೋರೈಸಿ ಏನೋ ಕಂಡೆ ಎನ್ನುವಂತಿಲ್ಲ. ನನಗೂ ನೆಲದ ಮೇಲೆ ಕೂತಿದ್ದ ನನ್ನ ಹೆಂಡತಿಗೂ ನಡುವೆ ಒಂದು ಹಾಸಿಗೆ ಹಾಸುವಷ್ಟು ಜಾಗವಿತ್ತು. ಅಡ್ಡ ಯಾರೂ ಇರಲಿಲ್ಲ.

ಇದನ್ನೆಲ್ಲ ಮೊದಲೇ ಹೇಳಲು ಕಾರಣವಿದೆ. ವರ್ಜೀನಿಯಾದ ಕಡೆ ಯುಗಾದಿ ಊಟಗಳಲ್ಲಿ, ಪರಿಚಯದವರ ಮನೆಯ ಬೇಸ್‌ಮೆಂಟುಗಳಲ್ಲಿ ಈ ಸಂಗತಿಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರು ನಗುತ್ತಾರೆ. ಸಂಗೀತ ಬಲ್ಲವರು ಇನ್ನೂ ಹೆಚ್ಚು ನಗುತ್ತಾರೆ. ಬಾಯಲ್ಲಿ ಹೇಳುವಾಗ ನನಗೆ ಉಸಿರು ಮೇಲೆ ಬಂದು ಮಾತು ಹಿಂದುಮುಂದಾಗುತ್ತದೆ. ಬರೆದರೆ ನಿಧಾನವಾಗಿ ಬರೆಯಬಹುದು.

ನಾವು ಆಗ ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಲ್ಲಿದ್ದೆವು. ಎರಡು ಸಾವಿರದ ಇಸವಿ ಬರುವುದರೊಳಗೆ ಹಳೆಯ ಕಂಪ್ಯೂಟರ್ ಪ್ರೋಗ್ರಾಂಗಳನ್ನು ರಿಪೇರಿ ಮಾಡುವ ಕೆಲಸ ನನ್ನದು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಅಮೆರಿಕನ್ ಸಹೋದ್ಯೋಗಿ ಬ್ಯಾಂಜೊ ನುಡಿಸುತ್ತಿದ್ದ. ನಾರ್ತ್ ಕ್ಯಾರೊಲಿನಾದಲ್ಲಿ, ಬೆಟ್ಟಗಳು ಶುರುವಾಗುವ ಕಡೆ, ಒಂದು ರೈತ ಕುಟುಂಬ ಪ್ರತಿವರ್ಷ ತಮ್ಮ ಹಸುಗಳನ್ನು ಬೇರೆ ಹುಲ್ಲುಗಾವಲಿಗೆ ಹೊಡೆದು, ಖಾಲಿಯಾದ ಹೊಲದಲ್ಲಿ ಮೂರು ದಿನ ಸಂಗೀತ ನಡೆಸುತ್ತದೆಂದು ಅವನೇ ಹೇಳಿದ್ದು. ಜನ ಅಲ್ಲೇ ಟೆಂಟು ಹಾಕಿಕೊಂಡು ಇರುತ್ತಾರೆ. ನುಡಿಸುವುದು ಬ್ಲೂಗ್ರಾಸ್: ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರ್, ಪಿಟೀಲು, ಆಳೆತ್ತರದ ಒಂದು ಬಾಸ್. ಕರೆಂಟಿನ ಹಂಗಿಲ್ಲದ, ಕುದುರೆಯ ಹಾಗೆ ಓಡುವ ಸಂಗೀತ.

"ನಿನ್ನ ಹೆಂಡತಿ ಪಿಟೀಲು ನುಡಿಸ್ತಾರೆ ಅಂತೀಯಲ್ಲ, ಕರ್ಕೊಂಡು ಬಾ," ಎಂದ. "ಅಲ್ಲಿ ಸ್ಟೇಜ್ ಮೇಲೆ ಆಗೋದಕ್ಕಿಂತ ಟೆಂಟುಗಳ ಮಧ್ಯೆ ಆಗೋದೇ ಜಾಸ್ತಿ. ಸುತ್ತ ಕೂತ್ಕೊಂಡು ಯಾರು ಬೇಕಾದ್ರೂ ಸೇರಬಹುದು."

ನನ್ನ ಹೆಂಡತಿ ಮೈಸೂರಿನಲ್ಲಿ ಚಿಕ್ಕಂದಿನಿಂದ ಪಿಟೀಲು ಕಲಿತವಳು. ಕಛೇರಿಗಳಲ್ಲಿ ಹಾಡುವವರಿಗೆ ಪಕ್ಕವಾದ್ಯ ನುಡಿಸುತ್ತಿದ್ದಳು. ಮದುವೆಯಾಗಿ ಸ್ಟರ್ಲಿಂಗ್‌ಗೆ ಬಂದ ಮೇಲೆ ಎರಡು ವರ್ಷ ಅವಳಿಗೆ ಜೊತೆಗೆ ಹಾಡುವವರಿಲ್ಲ, ಮೃದಂಗವಿಲ್ಲ. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದರು. ಹಾಗಾಗಿ ಬಟ್ಟೆ ನೇತುಹಾಕುವ ಕ್ಲಾಸೆಟ್‌ನೊಳಗೆ, ನನ್ನ ಅಂಗಿಗಳ ಕೆಳಗೆ ಕೂತು ನುಡಿಸುತ್ತಿದ್ದಳು. ನನ್ನ ಸಹೋದ್ಯೋಗಿಯ ಮಾತನ್ನು ಅವಳಿಗೆ ಹೇಳಿದೆ.

"ಅಂಗಿಗಳ ಜೊತೆ ನುಡಿಸಿ ಸಾಕಾಯ್ತು ರೀ. ಹೋಗೋಣ," ಎಂದಳು. "ಆದ್ರೆ ಅಲ್ಲೂ ಆಗ್ಲಿಲ್ಲ ಅಂದ್ರೆ, ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋದಾಗ ಇದನ್ನ ಅಮ್ಮನ ಹತ್ರಾನೇ ಬಿಟ್ಟು ಬರ್ತೀನಿ. ಮುಚ್ಚಿದ ಪೆಟ್ಟಿಗೇನ ದಿನಾ ನೋಡ್ತಾ ಇರೋಕೆ ನಂಗಾಗಲ್ಲ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಹಾಲು ಮುಗಿದಿದೆ ಎಂದು ಹೇಳುವ ದನಿಯಲ್ಲಿ ಹೇಳಿದಳು. ಅದಕ್ಕೇ ನನಗೆ ಹೆದರಿಕೆಯಾಯಿತು.

ನಮ್ಮ ಜೊತೆ ಬಂದವನು ನನ್ನ ಗೆಳೆಯ, ಮಂಡ್ಯದವನು, ಇನ್ನೂ ಮದುವೆಯಾಗಿರಲಿಲ್ಲ. ಅವನ ಕಾರು ನಮ್ಮದಕ್ಕಿಂತ ದೊಡ್ಡದು, ಅವನ ಬಾಯಿ ಕಾರಿಗಿಂತ ದೊಡ್ಡದು. ನಾವು ಮೂವರಲ್ಲಿ ಯಾರೂ ಅದಕ್ಕೆ ಮುಂಚೆ ಟೆಂಟಿನಲ್ಲಿ ಮಲಗಿದವರಲ್ಲ. ಕುಕ್ಕರು, ಪುಳಿಯೋಗರೆ ಗೊಜ್ಜು, ಕೂಲರ್ ತುಂಬ ಮೊಸರು, ಎರಡು ಜಮಖಾನ, ಇಸ್ತ್ರಿ ಮಾಡಿದ ಬಟ್ಟೆ ತುಂಬಿದ ಚಕ್ರದ ಸೂಟ್‌ಕೇಸು ತೆಗೆದುಕೊಂಡು ಹೊರಟೆವು. ಶುಕ್ರವಾರ ಮಧ್ಯಾಹ್ನ ಆ ಹೊಲದ ಗೇಟಿನಲ್ಲಿ ಟಿಕೆಟ್ ಕೊಡುತ್ತಿದ್ದವರು ಆ ಜಮೀನಿನ ಯಜಮಾನರು. ಎಪ್ಪತ್ತು ದಾಟಿದ, ಸಪೂರ ದೇಹದ ಮುದುಕ. ನಾನು ಹುಲ್ಲಿನಲ್ಲಿ ಸೂಟ್‌ಕೇಸು ಎಳೆಯುತ್ತಿದ್ದದ್ದನ್ನು ನೋಡಿ ತಮ್ಮ ಟೋಪಿ ಹಿಂದಕ್ಕೆ ಸರಿಸಿದರು.

"ವಿಮಾನ ಇಲ್ಲಿಗೆ ಬರಲ್ಲ ಮಗನೇ," ಎಂದರು.

"ಗುರೂ, ನಾನು ಬ್ಯಾಗ್ ತಗೋ ಅಂತ ಬಡ್ಕೊಂಡೆ," ಎಂದ ಗೆಳೆಯ. ಸುಳ್ಳು. ಸೂಟ್‌ಕೇಸು ಅವನದೇ.

ಆ ಹೊಲ ಹೇಗಿತ್ತೆಂದು ಹೇಳಬೇಕು. ತಗ್ಗಿನಲ್ಲಿ ಹಲಗೆಯ ಸ್ಟೇಜು. ಮೇಲೆ ಏರಿನಲ್ಲಿ ಕೆಂಪು ಕೊಟ್ಟಿಗೆ. ನಡುವೆ ನೂರಾರು ಟೆಂಟು. ಕಾರಿನ ಬಾಗಿಲು ತೆಗೆದ ಕೂಡಲೇ ನಾಲ್ಕು ಕಡೆಯಿಂದ ನಾಲ್ಕು ಹಾಡು ಬಂದು ಬಡಿದವು. ಒಬ್ಬ ಸೌದೆ ಒಡೆಯುತ್ತಿದ್ದ, ಅವನ ಹೆಂಡತಿ ಪಕ್ಕದಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದಳು, ಆತ ಕೊಡಲಿ ಎತ್ತಿ ಇಳಿಸುವುದೂ ಅದೇ ತಾಳಕ್ಕೆ. ನನ್ನ ಹೆಂಡತಿ ಪಿಟೀಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಸುತ್ತಲೂ ನೋಡಿದಳು. ಅವಳ ಅಂಥ ಗೆಲುವಿನ ಮುಖವನ್ನು ನಾನು ಅಮೆರಿಕಕ್ಕೆ ಬಂದ ಮೇಲೆ ನೋಡಿರಲಿಲ್ಲ.

ಆ ಸಂಜೆ ನನ್ನ ಸಹೋದ್ಯೋಗಿ ನಮ್ಮನ್ನು ಕೊಟ್ಟಿಗೆಯ ಪಕ್ಕದ ಗುಂಪಿಗೆ ಕರೆದೊಯ್ದ. ಏಳೆಂಟು ಜನ ಮಡಿಸುವ ಕುರ್ಚಿಗಳಲ್ಲಿ ಸುತ್ತ ಕೂತಿದ್ದರು. ಹಾಡುತ್ತಿದ್ದವಳು ಯಜಮಾನರ ಮಗಳು, ನಮಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಗಿಟಾರ್ ಹಿಡಿದಿದ್ದಳು. ನನ್ನ ಹೆಂಡತಿ ಚಪ್ಪಲಿ ಬಿಟ್ಟು, ಜಮಖಾನ ಹಾಸಿ, ಚಕ್ಕಳಮಕ್ಕಳ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಹರಡಿನ ಮೇಲೆ ಊರಿದಳು. ಯಾರೋ ಕುರ್ಚಿ ತಂದರು. ಬೇಡವೆಂದಳು. ಒಂದು ನಾಯಿ ಅವಳ ಎಡಗಾಲಿನ ಚಪ್ಪಲಿಯನ್ನು ಕಚ್ಚಿಕೊಂಡು ಹೋಯಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ಹಾಡು ಶುರುವಾಯಿತು. ಕರ್ನಾಟಕ ಸಂಗೀತದ ಪಕ್ಕವಾದ್ಯದವರು ಮಾಡಬೇಕಾದ್ದನ್ನು ಅವಳು ಮಾಡಿದಳು: ಹಾಡುವವರ ಬೆನ್ನಿಗೇ ಹೋದಳು. ಆ ಹಾಡನ್ನು ಅವಳು ಹಿಂದೆ ಕೇಳಿಯೇ ಇರಲಿಲ್ಲ. ಆದರೂ ಯಜಮಾನರ ಮಗಳ ಬಾಯಿಂದ ಸ್ವರ ಹೊರಟ ಅರೆಗಳಿಗೆಗೆ ಅದೇ ಸ್ವರ ಪಿಟೀಲಿನಲ್ಲಿ. ಅವಳು ದನಿ ಜಾರಿಸಿದರೆ ಇವಳೂ ಜಾರಿಸಿದಳು. ಅವಳು ಉಸಿರಿಗೆ ನಿಂತರೆ ಇವಳು ಆ ಜಾಗ ತುಂಬಿದಳು. ಎಲ್ಲಿಯೂ ತಪ್ಪಲಿಲ್ಲ. ನನಗೆ ಹೆಮ್ಮೆಯಿಂದ ಎದೆಯುಬ್ಬಿತು.

ಹಾಡುವವಳು ಮಾತ್ರ ಎರಡನೇ ಚರಣದಲ್ಲಿ ಪದ ಮರೆತಳು. ಸುತ್ತ ಕೂತವರು ತಮ್ಮ ಶೂಗಳನ್ನು ನೋಡಿಕೊಂಡರು. ಚರಣಗಳ ನಡುವೆ ಒಬ್ಬೊಬ್ಬರೇ ಸರದಿಯ ಪ್ರಕಾರ ನುಡಿಸುವುದು ಅಲ್ಲಿಯ ಪದ್ಧತಿ. ಸರದಿಯನ್ನು ಬಾಯಲ್ಲಿ ಹೇಳುವುದಿಲ್ಲ, ನುಡಿಸಿ ಮುಗಿಸಿದವರು ಮುಂದಿನವರಿಗೆ ಗದ್ದ ಎತ್ತಿ ಸನ್ನೆ ಮಾಡುತ್ತಾರೆ. ಆ ಸನ್ನೆ ಮ್ಯಾಂಡೊಲಿನ್‌ನಿಂದ ಹೊರಟು, ನನ್ನ ಹೆಂಡತಿಯ ತಲೆಯ ಮೇಲಿಂದ ಹಾದು, ಆಚೆ ಕೂತಿದ್ದ ಬ್ಯಾಂಜೊಗೆ ಹೋಯಿತು. ಮುಂದಿನ ಹಾಡಿನಲ್ಲೂ ಹಾಗೇ. ಮೂರನೆಯದಕ್ಕೆ ಅವಳು ಕಮಾನನ್ನು ತೊಡೆಯ ಮೇಲಿಟ್ಟು ಕೂತುಬಿಟ್ಟಳು.

"ಅತ್ತಿಗೆ, ಅವರಿಗೆ ಗೊತ್ತಾಗಲ್ಲ ಬಿಡಿ," ಎಂದ ಗೆಳೆಯ, ಟೆಂಟಿಗೆ ವಾಪಸು ನಡೆಯುವಾಗ.

"ಅವರಿಗೆ ಚೆನ್ನಾಗಿ ಗೊತ್ತು," ಎಂದಳು ಅವಳು. "ಏನೋ ತಪ್ಪಾಗಿದೆ. ಏನು ಅಂತ ನಂಗೆ ಗೊತ್ತಾಗ್ತಿಲ್ಲ."

ಮರುದಿನ ಬೆಳಿಗ್ಗೆ ನನ್ನ ಸಹೋದ್ಯೋಗಿ ಕಾಫಿ ಹಿಡಿದು ಬಂದ. ಬಂದವನು ತುಂಬ ಹೊತ್ತು ಹವಾಮಾನದ ಬಗ್ಗೆ ಮಾತಾಡಿದ. ಕೊನೆಗೆ ಹೇಳಿದ: ಇಲ್ಲಿ ಒಬ್ಬರು ಹಾಡುವಾಗ ಅವರ ಧಾಟಿಯನ್ನು ಬೇರೆ ಯಾರೂ ಮುಟ್ಟುವುದಿಲ್ಲ, ಮುಟ್ಟಿದರೆ ಯಾರಾದರೂ ಮಾತಾಡುವಾಗ ಅದೇ ಮಾತನ್ನು ಜೊತೆಜೊತೆಗೆ ಹೇಳಿದ ಹಾಗೆ.

ನನ್ನ ಹೆಂಡತಿ ಕಪ್ಪು ಕೆಳಗಿಟ್ಟಳು. "ನಮ್ಮಲ್ಲಿ ಅದೇ ಮರ್ಯಾದೆ," ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹಾಡೋರನ್ನ ಒಂಟಿಯಾಗಿ ಬಿಟ್ಟುಬಿಡೋದಾ? ಅದು ಹೇಗ್ರೀ ಸಾಧ್ಯ?" ಎಂದಳು. ಅವನು ಹೋದ ಮೇಲೆ ಕೇಳಿದಳು: "ಅವರು ಪದ ಮರೆತದ್ದು ನನ್ನಿಂದಾನಾ?"

ನಾನು ಇರಬಹುದು ಎಂದೆ.

"ಇವತ್ತೇ ಹೊರಟುಬಿಡೋಣ," ಎಂದಳು. ಆಮೇಲೆ, "ಬೇಡ. ಸಂಜೆ ತನಕ ಇರೋಣ. ಬರೀ ಕೇಳ್ತೀನಿ."

ಶನಿವಾರ ಹಗಲೆಲ್ಲ ಅವಳು ಪಿಟೀಲಿಲ್ಲದೆ ಗುಂಪಿನಿಂದ ಗುಂಪಿಗೆ ಹೋಗಿ ಆಚೆ ಕೂತು ಕೇಳಿದಳು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಯಾರಾದರೂ ಹಾಡಲು ಬಾಯಿ ತೆರೆದ ಕೂಡಲೇ ಎಡಗೈ ಬೆರಳುಗಳು ತಾವಾಗಿಯೇ ಓಡಾಡಲು ಶುರುಮಾಡುತ್ತಿದ್ದವು. ಆಗ ಅವಳು ಆ ಕೈಯನ್ನು ಕೆಳಗೆ ಹಾಕಿ ಅದರ ಮೇಲೆ ಕೂರುತ್ತಿದ್ದಳು. ಹಾಗೆ ಕೂತಿದ್ದವಳನ್ನು ನೋಡಿ ಯಜಮಾನರ ಮಗಳು ಒಂದು ಸಲ ನಿಂತಳು. ಆಮೇಲೆ ಮುಂದೆ ಹೋದಳು. ಇನ್ನೊಂದು ತೊಡಕೂ ಹಗಲಿನಲ್ಲಿ ಅವಳಿಗೆ ಅರ್ಥವಾಗಿತ್ತು. ಇಲ್ಲಿ ಹಾಡಿನಿಂದ ಹಾಡಿಗೆ ಶ್ರುತಿ ಬದಲಾಗುತ್ತದೆ. ಅವಳ ಪಿಟೀಲು ಯಾವಾಗಲೂ ಒಂದೇ ಶ್ರುತಿಗೆ ಕಟ್ಟಿದ್ದು, ಐದು ಮನೆಗೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯ ಸ್ವರಕ್ಕೆ, ನಾಲ್ಕು ತಂತಿಗಳೂ ಸ-ಪ-ಸ-ಪ ಎಂದು. ಇವರ ಪಿಟೀಲುಗಳ ತಂತಿಗಳು ಕೂಡಿಸಿರುವ ಕ್ರಮವೇ ಬೇರೆ. "ವಾದ್ಯ ಒಂದೇ, ಮನೆ ಬೇರೆ," ಎಂದಳು. ಮಧ್ಯಾಹ್ನದ ಹೊತ್ತಿಗೆ ಅವಳ ಮುಖ ನೋಡಿ, ಡಿಸೆಂಬರಿನ ಮಾತು ನಿಜವಾಗುತ್ತದೆಂದು ನನಗೆ ಅನಿಸಿತು.

ಸಂಜೆ ಸ್ಟೇಜಿನ ಕಾರ್ಯಕ್ರಮಕ್ಕೆ ಊಟದ ಬಿಡುವು. ಒಂದಿಷ್ಟು ತಿಂದು ಹೊರಡೋಣವೆಂದು ಅವಳು ಕ್ಯಾಂಪಿನ ಒಲೆಯ ಮೇಲೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ನಮ್ಮ ಟೆಂಟು ಕೊಟ್ಟಿಗೆಗೆ ಹತ್ತಿರ. ಗೇಟಿನ ಕೆಲಸ ಮುಗಿಸಿದ ಯಜಮಾನರು ಬಂದು ಗುಂಪಿನ ನಡುವೆ ಬೋರಲು ಹಾಕಿದ ಬಕೆಟಿನ ಮೇಲೆ ಕೂತರು. ಅವರು ಪಿಟೀಲು ನುಡಿಸುತ್ತಾರೆಂಬುದೇ ನಮಗೆ ಗೊತ್ತಿರಲಿಲ್ಲ. ಬಿರಡೆ ತಿರುಗಿಸಿ ಕೆಳಗಿನ ಎರಡು ತಂತಿಗಳನ್ನು ಮೇಲಕ್ಕೇರಿಸಿ, ನಾಲ್ಕನ್ನೂ ಒಂದಾದ ಮೇಲೊಂದು ಎಳೆದರು.

ರವೆಯಲ್ಲಿ ಆಡುತ್ತಿದ್ದ ಸೌಟು ನಿಂತಿತು.

"ರೀ, ಕೇಳಿ. ಆ ತಾತ ಶ್ರುತಿ ಮಾಡಿದ್ದು ಕೇಳಿ."

"ಏನು?"

"ಸ-ಪ-ಸ-ಪ. ಅದು ನಮ್ಮದು. ನಮ್ಮ ಥರಾನೇ ಕಟ್ಟಿದಾರೆ. ಆರು ಮನೆ."

ಗೆಳೆಯ ಟೆಂಟಿನ ಗೂಟ ಕೀಳುತ್ತಿದ್ದವನು, "ಅತ್ತಿಗೆ, ರವೆ," ಎಂದ. ರವೆ ಸೀಯುತ್ತಿತ್ತು. ಅವಳು ಸೌಟು ಬಿಟ್ಟು ಪಿಟೀಲು ತೆಗೆದಾಗಿತ್ತು. ಐದು ಮನೆಯಿಂದ ಆರು ಮನೆಗೆ ಏರಿಸಬೇಕು, ಮಂದ್ರದ ತಂತಿಗಳು ಹಳೆಯವು, ಬೇರೆ ತಂತಿ ತಂದಿಲ್ಲ. ಬಿರಡೆ ತಿರುಗಿಸುವಾಗ ತಂತಿ ಕಿರುಗುಟ್ಟಿದ್ದು ನನಗೆ ಕೇಳಿಸಿತು. ನಾನು ಒಲೆ ಆರಿಸಿ ಅವಳ ಹಿಂದೆ ಓಡಿದೆ. ಕೊಟ್ಟಿಗೆಯ ಗೋಡೆಗೆ ಬೆನ್ನು ತಾಗುವವರೆಗೂ ನಿಲ್ಲಲಿಲ್ಲ.

ಇಲ್ಲಿಂದ ಮುಂದೆ ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅವಳು ಗುಂಪಿನ ಅಂಚಿನಲ್ಲಿ, ಬರಿಯ ಹುಲ್ಲಿನ ಮೇಲೆ ಕೂತಳು. ಜಮಖಾನ ಇರಲಿಲ್ಲ. ಯಜಮಾನರು ಶುರುಮಾಡಿದರು. ಹಾಡಿಲ್ಲದ, ಬರೀ ವಾದ್ಯದ ಧಾಟಿ, ಬಹಳ ವೇಗ. ಅವರು ಒಂದು ಸುತ್ತು ನುಡಿಸಿದರು, ಮ್ಯಾಂಡೊಲಿನ್ ಒಂದು ಸುತ್ತು, ನನ್ನ ಸಹೋದ್ಯೋಗಿಯ ಬ್ಯಾಂಜೊ ಒಂದು ಸುತ್ತು, ಆಮೇಲೆ ಯಜಮಾನರ ಮಗಳ ಗಿಟಾರ್. ನನ್ನ ಹೆಂಡತಿ ಕಮಾನನ್ನು ತಂತಿಗೆ ತಾಗಿಸದೆ ಕಾದಿದ್ದಳು. ಯಜಮಾನರ ಮಗಳು ತನ್ನ ಸುತ್ತು ಮುಗಿಸುತ್ತ ತಲೆ ಎತ್ತಿ ಅವಳನ್ನು ನೋಡಿದಳು. ಸನ್ನೆ ಕೊಡಬೇಕಾದವಳು ಅವಳು, ಹಿಂದಿನ ದಿನ ಪದ ಮರೆತವಳು. ನನ್ನ ಹಿಂದೆಯೇ ಓಡಿಬಂದಿದ್ದ ಗೆಳೆಯ ಪಕ್ಕದಲ್ಲಿ ನನ್ನ ಮುಂಗೈ ಹಿಡಿದಿದ್ದ, ಅವನ ಉಗುರು ಚುಚ್ಚುತ್ತಿತ್ತು.

ಯಜಮಾನರ ಮಗಳು ಗದ್ದ ಎತ್ತಿದಳು.

ನನ್ನ ಹೆಂಡತಿ ನುಡಿಸಿದಳು. ಯಜಮಾನರು ನುಡಿಸಿದ್ದನ್ನೇ, ಅವರು ಕೊಟ್ಟ ಎಳೆತ, ಜಾರು, ಒತ್ತು ಎಲ್ಲದರ ಸಮೇತ ಹಿಂದಕ್ಕೆ ಕೊಟ್ಟಳು. ಅವರು ಸುತ್ತಿನ ಕೊನೆಗೆ ಒಂದು ಕಡೆ ಅರ್ಧ ಪೆಟ್ಟು ತಡೆದು ಇಳಿದಿದ್ದರು, ಅದನ್ನೂ ಬಿಡಲಿಲ್ಲ. ಮುಖ್ಯ ಕಲಾವಿದರು ಕೊಟ್ಟದ್ದನ್ನು ಚೂರೂ ಕಳೆಯದೆ ಒಪ್ಪಿಸುವುದು ಅವಳು ಕಲಿತ ವಿದ್ಯೆ. ಅಲ್ಲಿಯವರು ತಮ್ಮ ಸರದಿಯಲ್ಲಿ ತಮ್ಮದೇ ಏನಾದರೂ ಹೊಸದು ಸೇರಿಸುತ್ತಾರೆ, ಇನ್ನೊಬ್ಬರದನ್ನು ಹಾಗೇ ಮರಳಿಸುವುದಿಲ್ಲ. ಯಜಮಾನರು ಬಕೆಟಿನ ಮೇಲೆ ಪೂರ್ತಿ ತಿರುಗಿ ಕೂತು ಅವಳನ್ನು ನೋಡಿದರು. ಆಮೇಲೆ ಸರದಿಗೆ ಕಾಯದೆ ಎಂಟು ಪೆಟ್ಟಿನ ಒಂದು ತುಣುಕು ನುಡಿಸಿ ನಿಲ್ಲಿಸಿದರು. ಬಂದದ್ದು ಹಾಗೇ ವಾಪಸು ಹೋಯಿತು. ಇನ್ನೊಂದು, ಕಷ್ಟದ್ದು. ಅದೂ ವಾಪಸು. ಮೂರನೆಯದಕ್ಕೆ ಅವರು ಕಮಾನನ್ನು ಎರಡು ತಂತಿಗಳ ಮೇಲೆ ಒಟ್ಟಿಗೆ ಹಾಕಿ ಉಜ್ಜಿದರು, ನಮ್ಮ ಸಂಗೀತದಲ್ಲಿ ಹಾಗೆ ಮಾಡುವುದು ಕಡಿಮೆ. ಅವಳು ಒಂದು ಕ್ಷಣ ತಡೆದು, ಅದನ್ನೂ ಒಪ್ಪಿಸಿ, ತುದಿಗೆ ಒಂದು ಗಮಕ ಸೇರಿಸಿ ಕಳಿಸಿದಳು.

"ಹೋಯ್," ಎಂದರು ಯಜಮಾನರು. ಇಡೀ ಸಂಜೆ ಅವರ ಬಾಯಿಂದ ಬಂದ ಮಾತು ಅದೊಂದೇ.

ಸರದಿ ಎಲ್ಲ ಹಾರಿಹೋಯಿತು. ಮಿಕ್ಕವರು ತಮ್ಮ ವಾದ್ಯಗಳಲ್ಲಿ ಬರೀ ತಾಳ ಹಿಡಿದು ಕೂತರು. ಟೆಂಟುಗಳಿಂದ ಜನ ಕೈಯಲ್ಲಿ ಊಟದ ತಟ್ಟೆ ಹಿಡಿದೇ ಏರಿ ಬರುತ್ತಿದ್ದರು. ನಮ್ಮ ಸೀದ ರವೆಯ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು.  ನಾನು ಮಾತ್ರ ಅವರಿಬ್ಬರಿಂದ ಕಣ್ಣು ಕೀಳಲಿಲ್ಲ.

ಆಗ ಅವಳ ಪಿಟೀಲಿನ ಎಲ್ಲಕ್ಕಿಂತ ಕೆಳಗಿನ ಮಂದ್ರದ ತಂತಿ ಕಿತ್ತುಹೋಯಿತು. ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅದರ ತುದಿ ಅವಳ ಕೆನ್ನೆಗೆ ಬಡಿದು ಕೆಂಪು ಗೀರು ಎದ್ದಿತು. ಅವಳು ನಿಲ್ಲಿಸಲಿಲ್ಲ.

ನಾನು ಹೇಳಬೇಕೆಂದು ಇಷ್ಟು ವರ್ಷ ಒದ್ದಾಡುತ್ತಿರುವುದು ಇದಾದ ಮೇಲಿನದು. ಆವರೆಗೆ ಯಜಮಾನರು ಪ್ರತಿಯೊಂದು ತುಣುಕನ್ನೂ ಮಂದ್ರದ ತಂತಿಯಿಂದಲೇ ಎತ್ತುತ್ತಿದ್ದರು. ತಂತಿ ಕಿತ್ತ ಸದ್ದು ಕೇಳಿದ ಮೇಲೆ ಅವರ ಕಮಾನು ಒಂದೇ ಒಂದು ಸಲವೂ ಆ ತಂತಿಗೆ ಇಳಿಯಲಿಲ್ಲ. ವೇಗ ಕಡಿಮೆ ಮಾಡಲಿಲ್ಲ, ಅವಳ ಕಡೆ ಕನಿಕರದಿಂದ ನೋಡಲಿಲ್ಲ. ಇಡೀ ಧಾಟಿಯನ್ನು, ಓಡುತ್ತಿರುವಾಗಲೇ, ಮೇಲಿನ ಮೂರು ತಂತಿಗಳಿಗೆ ಏರಿಸಿಕೊಂಡು, ಅವಳ ಹತ್ತಿರ ಏನು ಉಳಿದಿತ್ತೋ ಅಷ್ಟರಲ್ಲೇ ಪ್ರಶ್ನೆ ಹಾಕುತ್ತ ಹೋದರು. ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ನುಡಿಸಿ, ಒಟ್ಟಿಗೆ ನಿಲ್ಲಿಸಿದರು. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಸಂಗೀತ ಬಲ್ಲವರು ನಗುವುದು ಇಲ್ಲಿಗೇ: ಮೊದಲ ಸಲ ಕೂಡಿದವರು, ಅಷ್ಟು ವೇಗದಲ್ಲಿ, ಅದು ಆಗುವ ಮಾತಲ್ಲ ಎನ್ನುತ್ತಾರೆ. ನಾನು ಯಜಮಾನರ ಕಮಾನನ್ನೇ ನೋಡುತ್ತಿದ್ದೆ.

ಚಪ್ಪಾಳೆ ನಿಂತ ಮೇಲೆ ಯಜಮಾನರ ಮಗಳು ಎದ್ದು ಬಂದು ನನ್ನ ಹೆಂಡತಿಯ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಕೆನ್ನೆಯ ಗೀರನ್ನು ನೋಡಿದಳು.

"ಇದೆಲ್ಲ ಸರಿ," ಎಂದಳು. "ನಾನು ಹಾಡುವಾಗ ಮಾತ್ರ ಕೈ ಕಟ್ಟಿಕೊಂಡಿರಿ."

"ಕಟ್ಟಿದ್ರೆ ನಿಲ್ಲಲ್ಲ," ಎಂದಳು ನನ್ನ ಹೆಂಡತಿ. "ಮೇಲೆ ಕೂತ್ಕೋಬೇಕು."

"ನೋಡಿದೆ," ಎಂದು ಯಜಮಾನರ ಮಗಳು ನಕ್ಕು, ತಮ್ಮ ಮನೆಯೊಳಗಿಂದ ತಂತಿಯ ಪೊಟ್ಟಣ ತಂದಳು.

ಗೆಳೆಯ ಕಿತ್ತ ಗೂಟಗಳನ್ನೆಲ್ಲ ಮತ್ತೆ ಹೊಡೆದ. "ಗುರೂ, ಈ ಸಲ ನೀನೇ ಹೊಡಿ," ಎಂದು ನಾಲ್ಕು ಸಲ ಹೇಳಿದ, ಆದರೆ ಸುತ್ತಿಗೆಯನ್ನು ನನಗೆ ಕೊಡಲಿಲ್ಲ. ಸೀದ ಉಪ್ಪಿಟ್ಟು ತಿಂದೆವು. ಭಾನುವಾರ ಸಂಜೆಯ ತನಕ ಇದ್ದೆವು.

ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋದಾಗ ಅವಳು ಪಿಟೀಲನ್ನು ತೆಗೆದುಕೊಂಡೇ ಹೋದಳು. ನಾನು ದಾರಿಯುದ್ದಕ್ಕೂ ಏನೂ ಕೇಳಲಿಲ್ಲ. ಅಲ್ಲಿ ಅದರ ಬಿರಡೆಗಳನ್ನು ಸರಿಮಾಡಿಸಿ, ಎರಡು ಡಜನ್ ತಂತಿ ಕೊಂಡು, ವಾಪಸು ಬರುವಾಗ ವಿಮಾನದಲ್ಲಿ ಕಾಲ ಬಳಿ ಇಟ್ಟುಕೊಂಡು ಕೂತಳು. ಗಗನಸಖಿ ಮೇಲಿಡಲು ಹೇಳಿದರೆ ಒಪ್ಪಲಿಲ್ಲ.

ಯಜಮಾನರು ತೀರಿಕೊಂಡು ಬಹಳ ವರ್ಷಗಳಾದವು. ನನ್ನ ಸಹೋದ್ಯೋಗಿಯೂ ಈಗಿಲ್ಲ. ಅಂದು ಊಟದ ತಟ್ಟೆ ಹಿಡಿದು ನಿಂತಿದ್ದವರ ಹೆಸರು ನನಗೆ ಗೊತ್ತಿಲ್ಲ. ನನ್ನ ಹೆಂಡತಿಯನ್ನು ಕೇಳಿ ಪ್ರಯೋಜನವಿಲ್ಲ. ಅವಳು ಕಣ್ಣು ಮುಚ್ಚಿದ್ದಳು, ತಂತಿ ಕಿತ್ತದ್ದು ಗೊತ್ತು, ಮಿಕ್ಕದ್ದು ಕೇಳಿದ್ದಷ್ಟೇ ಎನ್ನುತ್ತಾಳೆ. ಕಂಡವರಲ್ಲಿ ನನ್ನನ್ನು ಬಿಟ್ಟು, ನನಗೆ ಗೊತ್ತಿರುವ ಇಬ್ಬರು ಬದುಕಿದ್ದಾರೆ. ಒಬ್ಬ ನನ್ನ ಗೆಳೆಯ, ಈಗ ಜಾನ್ಸ್ ಕ್ರೀಕ್ ಎಂಬ ಊರಿನಲ್ಲಿದ್ದಾನೆ. ಅವನು ಯಾವುದನ್ನೂ ಇದ್ದಂತೆ ಹೇಳುವವನಲ್ಲ, ಆದರೆ ಇದನ್ನು ಮಾತ್ರ ಉಪ್ಪುಖಾರ ಹಚ್ಚದೆ ಹೇಳುತ್ತಾನೆ. ಇನ್ನೊಬ್ಬರು ಯಜಮಾನರ ಮಗಳು. ಅವರು ನನ್ನ ಎದುರು ಬದಿಯಲ್ಲಿ, ತಂದೆಯ ಬಲಗೈಯ ಪಕ್ಕದಲ್ಲಿ ಕೂತಿದ್ದರು. ಕಮಾನು ನನಗಿಂತ ಅವರಿಗೆ ಹತ್ತಿರದಿಂದ ಕಂಡಿದೆ.